ಟಪಾಲು ಡಬ್ಬಿಯ ಮೂರನೇ ಅರ್ಥ

ಹಲೋ, ಯಾರು?… ಹಾಂ, ಆರ್ವಿಡ್ ಲುಂಡೀನೇ. ನೀನ್ಯಾರಮ್ಮಾ?

…ಕಾಲೇಜಿನ ಬ್ರಿನ್. ಸರಿ… ನಾನು ಪೇಪರ್‌ಗೆ ಬರೆದ ಕಾಗದಾನಾ? ಹಿಮ ತಳ್ಳೋ ಲಾರಿ ನಮ್ಮನೆ ಟಪಾಲು ಡಬ್ಬೀನ ಉರುಳಿಸ್ತು ಅಂತ ಬೈದು ಬರೆದಿದ್ನಲ್ಲ, ಅದಾ? ಅದನ್ನ ವಿಶ್ಲೇಷಣೆ ಮಾಡಿ ಪ್ರಬಂಧ ಬರೀಬೇಕಾ? ನಿಮ್ಮ ಮೇಷ್ಟ್ರು ಹುಷಾರಾಗಿದಾರೆ ತಾನೆ?

…ಐದು ಗಂಟೆಯೊಳಗೆ ಕೊಡಬೇಕಾ? ಈಗಲೇ ನಾಲ್ಕಾಯ್ತಲ್ಲ… ಎರಡು ಸಲ ಫೇಲಾ? ಇದೂ ಹೋದ್ರೆ ಕಾಲೇಜು ಬಿಡಿಸ್ತಾರಾ? ಓದು ಮತ್ತೆ, ಕೇಳ್ತೀನಿ.

…"ಉರುಳಿಸಿದರು" ಅಂತ ಮೂರು ಸಲ ಬರೆದಿದ್ದು ಅಲಂಕಾರಾನಾ? ಇಲ್ಲ ತಾಯಿ. ಮೂರು ಸಲ ಬಿತ್ತು, ಮೂರು ಸಲ ಬರೆದೆ. ನಾಲ್ಕು ಸಲ ಬಿದ್ದಿದ್ರೆ ನಾಲ್ಕು ಬರೀತಿದ್ದೆ.

…ಸಣ್ಣ ಸಣ್ಣ ವಾಕ್ಯ ಅದುಮಿಟ್ಟ ಸಿಟ್ಟಾ? ಇನ್ನೂರು ಪದ ದಾಟಿದ್ರೆ ಪೇಪರ್‌ನೋರು ಹಾಕಲ್ಲಮ್ಮಾ, ಅಷ್ಟೇ.

ಆಮೇಲೆ?… ಡಬ್ಬಿ ಅಂದ್ರೆ ನನ್ನ ಒಂಟಿತನಾನಾ? ತಗಡು ಕಣಮ್ಮಾ ಅದು. ಗೂಟಕ್ಕೆ ಮೊಳೆ ಹೊಡೆದ ತಗಡು.

…ಅಯ್ಯೋ, ಅಳ್ಬೇಡ. ಮೂರು ಅಂಶ ಇರಲೇಬೇಕಾ? ಎರಡಾದ್ರೆ ಸಾಲಲ್ವಾ?… ಬರೆದೋರನ್ನ ಕೇಳೋ ಹಾಗಿಲ್ಲ ಅಂತ ಬೇರೆ ಹೇಳಿದಾರಾ? ಒಳ್ಳೇ ಮೇಷ್ಟ್ರು. ಮತ್ಯಾಕೆ ಫೋನ್ ಮಾಡ್ದೆ?

…ಯಾವ ಸಾಲು? ಕೊನೇದಾ? ಓದು.

…ಇನ್ನೊಂದ್ಸಲ ಓದು.

…"ಹೊಸ ಡಬ್ಬಿ ಕೊಡುತ್ತೇವೆ ಎಂದರು, ಅದರ ಮೇಲೆ ಅರ್ಡಿಸಳ ಕೈಬರಹ ಇರುವುದಿಲ್ಲ." ನಾನು ಬರೆದಿದೀನಾ ಹಂಗೆ?

…ಹೆಂಡ್ತಿ. ಡಬ್ಬಿ ಮೇಲೆ ನಮ್ಮ ಮನೆತನದ ಹೆಸರು ಅವಳೇ ಬಣ್ಣದಲ್ಲಿ ಬರೆದಿದ್ದು. ಕೊನೇ ಅಕ್ಷರಕ್ಕೆ ಜಾಗ ಸಾಲ್ದೆ ಮೂಲೇಗೆ ತುರುಕಿದಾಳೆ. ನಗ್ತಿದ್ದೆ ನಾನು… ಹೂಂ. ತೀರ್ಕೊಂಡು ನಾಲ್ಕು ವರ್ಷ ಆಯ್ತು.

…ಕೇಳು, ಮೊದಲೆರಡು ಸುಳ್ಳೇ ಇರ್ಲಿ, ಮೇಷ್ಟ್ರಿಗೆ ಲೆಕ್ಕ ಸರಿಹೋಗ್ಬೇಕಲ್ಲ. ಮೂರನೇದನ್ನ… ಮೂರನೇದನ್ನ ಮುಟ್ಬೇಡ, ಹಂಗೇ ಇರ್ಲಿ.

…ಡಬ್ಬೀನಾ? ಬಡಿದು ನೆಟ್ಟಗೆ ಮಾಡಿ ಮತ್ತೆ ಅಲ್ಲೇ ನಿಲ್ಸಿದೀನಿ. ಇನ್ನೆಲ್ಲಿ ನಿಲ್ಸೋದು? ರಸ್ತೆ ಅಂಚಲ್ಲಿ ಇಲ್ದಿದ್ರೆ ಟಪಾಲಿನವಳು ಕಾಗದ ಹಾಕಲ್ಲ…

ಇರು. ಲಾರಿ ಸದ್ದು. ಅವನೇ ಬಂದ. ನೀನು ಬರೀತಿರು… ಬಾಗಿಲ ತನಕ ಈ ಫೋನಿನ ತಂತಿ ಬರಲ್ಲ, ಇರು… ಏಯ್, ನಿಧಾನ ಕಣೋ. ಆ ಕಡೆ ತಿರುಗ್ಸು, ಆ ಕಡೆ. ಅರ್ಡಿಸ್ ಇದಾಳೆ ಅಲ್ಲಿ, ಅರ್ಡಿ…