ನಾಕು ಸಾವಿರ ವರ್ಷದ ಕುರಿಹಿಕ್ಕಿ

ಅಷ್ಟು ದೂರ ನಿಂತ್ರ ಏನೂ ಗೊತ್ತಾಗಂಗಿಲ್ಲ ಸಾಹೇಬ್ರ, ಹತ್ರ ಬರ್ರಿ. ಬೂಟು ಹೂತು ಹೋಗ್ತಾವ ಅಂತ ಅಂಜಬ್ಯಾಡ್ರಿ, ಬರೇ ಬೂದಿ ಅದು. ನಾಕು ಸಾವಿರ ವರ್ಷದ ಬೂದಿ ತುಳಿಯೋ ಭಾಗ್ಯ ಎಲ್ಲಾ ಬೂಟಿಗೂ ಸಿಗತೈತೇನು?... ನಗ್ರಿ, ನಗ್ರಿ. ಪುರಾತತ್ವ ಇಲಾಖಿಯಿಂದ ಇಷ್ಟು ದೂರ ಜೀಪಿನಾಗ ಕುಲುಕಾಡಿಕ್ಯಂತ ಬಂದೀರಿ, ನಗಾಕರ ಒಂದು ಸಿಗಲಿ.

ನಾನು ಫೋನಿನಾಗ ಹೇಳಿದ್ದು ಇದ ನೋಡ್ರಿ, ಬೂದಿ ದಿಬ್ಬ. ಎತ್ತರ ನನ್ನ ಸೊಂಟದಮಟ, ಅಗಲ ನಮ್ಮನಿ ಅಂಗಳದಷ್ಟು. ಹ್ಞಾಂ? ಫೋನಿನಾಗ ಆನಿಯಷ್ಟು ಎತ್ತರ ಐತಿ ಅಂದಿದ್ನಾ? ಅಂದಿರಬೌದು. ಮಲಗಿದ ಆನಿ ಅಂತ ತಿಳಕೊಳ್ರಿ.

ಇವನಾ? ಇವ ಮೈಲಪ್ಪ. ನನ್ನ ಜೋಡಿ ಕುರಿ ಕಾಯಾವ. ಇವನ್ನ ಏನೂ ಕೇಳಬ್ಯಾಡ್ರಿ, ಇತಿಹಾಸ ಅಂದ್ರ ಇವಗ ನಿನ್ನಿ ಉಂಡಿದ್ದೂ ನೆನಪಿರಂಗಿಲ್ಲ. ಕೇಳೋದಿದ್ರ ನನ್ನ ಕೇಳ್ರಿ, ಉಚ್ಚಂಗೆಪ್ಪನ್ನ. ಕೂಡ್ಲಿಗಿಯಿಂದ ಕೊಟ್ಟೂರಿನ ತನಕ ಯಾವ ಕುರಿ ಹಟ್ಟಿಯಾಗ ಕೇಳಿದ್ರೂ ನನ್ನ ಹೆಸರು ಹೇಳ್ತಾರ. ಒಳ್ಳೇದಕ್ಕ ಹೇಳ್ತಾರೋ ಬೈದು ಹೇಳ್ತಾರೋ, ಅದು ಬ್ಯಾರೆ ಮಾತು.

ಆ ಬಂಡಿಗಲ್ಲಿನ ಮ್ಯಾಲ ಕೆಂಪನ್ನ ಗೀಟು ಕಾಣತಾವಲ್ಲ, ಅವು ಹಳೇ ಕಾಲದ ಚಿತ್ರ ಅಲ್ಲ ಮತ್ತ. ಕ್ಯಾಮೆರಾ ಒಳಗಿಡ್ರಿ. ಹೋದ ತಿಂಗಳ ಕ್ರಷರ್‌ನೋರು ಬಂದು ಬಳದು ಹೋದ್ರು. ಈ ಕರೇಗುಡ್ಡ ಒಡದು ಜಲ್ಲಿ ಮಾಡ್ತಾರಂತ. ನಮ್ಮೂರಿನ ಕುರಿಗೆ ಇದ ಒಂದ ಗುಡ್ಡ, ಸುತ್ತ ಎಲ್ಲಾ ಮಂದಿ ಹೊಲ. ಇದು ಹೋತಂದ್ರ ಕುರಿ ಮಾರಿ, ನಾನು ಮೈಲಪ್ಪ ಅದ ಕ್ರಷರ್ ಮುಂದ ಮಾರಿಗೆ ಟವಲ್ ಸುತ್ತಿಗ್ಯಂಡು ಧೂಳು ಕುಡಿಯೋದು. ಆದ್ರ ನೀವು ಇಲ್ಲೊಂದು ನೀಲಿ ಬೋರ್ಡು ನಟ್ರಿ ಅನ್ನ್ರಿ, ಇದು ಪ್ರಾಚೀನ ಸ್ಥಳ, ಮುಟ್ಟಿದ್ರ ಶಿಕ್ಷಾ ಐತಿ ಅಂತ... ಯಾ ಕ್ರಷರ್ರೂ ಹತ್ರ ಸುಳಿಯಂಗಿಲ್ಲ. ಟೀವಿಯಾಗ ನೋಡೀನಿ ನಾನು. ಒಂದು ಮುರುಕು ಗಡಿಗಿ ಸಿಕ್ಕಿತಂದ್ರ ದೊಡ್ಡ ರಸ್ತೇನ ಆಚಿಕಡಿ ತಿರುಗಿಸಿಬಿಡ್ತಾರ.

ಟೀವಿಯಾಗ ಅಂದ್ರ ಎಲ್ಲಾರಂಗ ನೋಡಾವಲ್ರಿ ನಾನು. ನಮ್ಮನಿಯಾಕಿ ಅಂಜಿನಕ್ಕಗ ಧಾರಾವಾಹಿ ಬೇಕು, ನನಗ ಈಜಿಪ್ತು ಬೇಕು. ರಿಮೋಟು ನನ್ನ ಅಂಗಿ ಕಿಸೆದಾಗ ಇರತೈತಿ. "ಹೆಣಕ್ಕ ಬಟ್ಟಿ ಸುತ್ತೋದು ಎಷ್ಟು ದಿನ ನೋಡ್ತಿ, ಅದೇನು ಕಣ್ಣು ಬಿಡತೈತಾ?" ಅಂತಾಳ. ಆಕಿಗೇನು ಗೊತ್ತು. ರಾಜ ಸತ್ರ ಮೂಗಿನಾಗ ಕೊಕ್ಕಿ ಹಾಕಿ ಮೆದುಳು ಹೊರಗ ಎಳೀತಿದ್ರಂತ ಸಾಹೇಬ್ರ. ನಮ್ಮ ಮೈಲಪ್ಪನ ಮೂಗಿಗೆ ಹಾಕಿದ್ರ ಕೊಕ್ಕಿ ಬರಿಗೈಲೆ ವಾಪಸ್ ಬರತಿತ್ತು.

ಬರೇ ಟೀವಿ ಅಲ್ಲ, ಪುಸ್ತಕಾನೂ ಓದೀನಿ. ಕೂಡ್ಲಿಗಿ ಲೈಬ್ರರಿಯಾಗ ಹಳೇ ನಾಗರಿಕತೆಗಳದ್ದು ಒಂದು ದಪ್ಪನ್ನ ಪುಸ್ತಕ ಐತಿ. ಎಷ್ಟು ಸಲ ತಂದೀನಂದ್ರ, ಅಲ್ಲಿ ಕುಂತಿರ್ತಾಳಲ್ಲ ಮಾಲಾ ಅಂತ ಹುಡುಗಿ, "ಕಾಕಾ, ಬರದಾವ್ರೂ ಇಷ್ಟು ಸಲ ಓದಿರಂಗಿಲ್ಲ" ಅಂದ್ಳು. ಅಕ್ಷರ ಯಾಕ ಹುಟ್ಟಿತು, ಹೇಳ್ರಿ ನೋಡೋಣ. ನಿಮಗ ಗೊತ್ತಿರತೈತಿ ಬಿಡ್ರಿ, ಆದ್ರೂ ನನ್ನ ಬಾಯಾಗ ಕೇಳ್ರಿ. ಮೆಸೊಪೊಟೇಮಿಯಾದಾಗ ಹಸಿಮಣ್ಣಿನ ಹಲಗಿ ಮ್ಯಾಲ ಮೊದಲಿಗೆ ಬರದಿದ್ದು ಹಾಡಲ್ಲ, ಕಥಿಯಲ್ಲ. ಕುರಿ ಎಷ್ಟು, ಕಾಳು ಎಷ್ಟು ಅಂತ ಲೆಕ್ಕ. ಕುರಿ ಇಲ್ಲದಿದ್ರ ಜಗತ್ತಿನಾಗ ಸಾಲೀನ ಇರತಿದ್ದಿಲ್ಲ. ನಮ್ಮ ಮೇಷ್ಟ್ರು ನನಗ, "ನೀನು ಕುರಿ ಕಾಯಾಕ ಹೋಗಲೇ" ಅಂತ ಸಾಲಿಯಿಂದ ಅಟ್ಟಿದ್ರು. ಪಾಪ, ಅಕ್ಷರದ ತವರುಮನಿಗೆ ಕಳಸಾಕತ್ತೀನಿ ಅಂತ ಅವರಿಗೆ ಗೊತ್ತಿದ್ದಿಲ್ಲ.

ಪಿರಮಿಡ್ಡು ಹೆಂಗ ಕಟ್ಟಿದ್ರು ಅಂತ ಇನ್ನೂ ತಲಿ ಕೆರಕೊಳ್ಳಾಕ ಹತ್ಯಾರ. ನನಗ ಒಂದು ಫೋನ್ ಮಾಡಿದ್ರ ಹೇಳ್ತಿದ್ದೆ. ನಮ್ಮತ್ರ ಕಾಳ್ಯಾ ಅಂತ ಒಂದು ಟಗರಿತ್ತು. ಕೆಟ್ಟು ನಿಂತಿದ್ದ ಲಾರಿಗೆ ಹಣಿ ಕೊಟ್ಟು ಗ್ಯಾರೇಜಿನ ತನಕ ದೂಡಿತ್ತು. ಅಂಥವು ನಾಕು ಇದ್ದಿದ್ರ ಪಿರಮಿಡ್ಡು ಸಂತಿ ದಿನ ಮುಂಜಾನೆ ಚಾಲೂ ಮಾಡಿ, ಸಂತಿ ಮುಗಿಯೋದ್ರೊಳಗ... ಸುಳ್ಳಾ? ಮೈಲಪ್ಪನ್ನ ಕೇಳ್ರಿ ಬೇಕಾದ್ರ. ಬ್ಯಾಡ ಬ್ಯಾಡ, ಅವನ್ನ ಕೇಳಬ್ಯಾಡ್ರಿ.

ಆತು, ದಿಬ್ಬದ ಸುದ್ದಿಗೆ ಬರ್ತೀನಿ. ಒಂದಿನ ಟೀವಿಯಾಗ ನಮ್ಮ ಬಳ್ಳಾರಿ ಸೀಮಿ ಬೂದಿ ದಿಬ್ಬ ತೋರಿಸಿದ್ರು. ನಾನು ಎದ್ದು ನಿಂತಬಿಟ್ಟೆ ಸಾಹೇಬ್ರ. ರಾಕ್ಷಸನ್ನ ಸುಟ್ಟ ಬೂದಿ ಅಂತ ಹಿರೇರು ಹೇಳತಿದ್ರಲ್ಲ, ಅದು ರಾಕ್ಷಸನೂ ಅಲ್ಲ ಗೀಕ್ಷಸನೂ ಅಲ್ಲಂತ. ಕಲ್ಲಿನ ಕೊಡ್ಲಿ ಹಿಡಕಂಡು ತಿರುಗತಿದ್ದ ಕಾಲದ ಮಂದಿ ದನ ಕುರಿ ಕೂಡಿ ಹಾಕಿ, ಅವುಗಳ ಸಗಣಿ ಹಿಕ್ಕಿ ಗುಡ್ಡಿ ಮಾಡಿ ಸುಡತಿದ್ರಂತ. ಸುಟ್ಟು ಸುಟ್ಟು ದಿಬ್ಬ ಆತಂತ. ಅದನ್ನ ನೋಡಾಕ ದೊಡ್ಡ ದೊಡ್ಡ ವಿದ್ವಾಂಸರು ಬಂದು ಬ್ರಷ್‌ಲೇ ಕೆದರತಾರ. "ಅಂಜಿನಕ್ಕಾ, ನಮ್ಮ ಹಿಕ್ಕಿಗೆ ಎಂಥಾ ಕಿಮ್ಮತ್ತು ಐತಿ ನೋಡು" ಅಂದೆ. "ಹಂಗಾರ ಅವರನ್ನ ಕರಸು, ಕುರಿ ರೊಪ್ಪದ ಕಸ ಹೊಡೀಲಿ" ಅಂದ್ಳು.

ಆಗ ನನಗ ಈ ದಿಬ್ಬ ನೆನಪಾತು. ನೆನಪಾತು ಅಂದ್ರ... ಹೊಳೀತು. ಇಲ್ಲೇ ಇತ್ತಲ್ರಿ, ಮೊದಲಿಂದಾನೂ. ನಿಮ್ಮ ನಕಾಶಿಯಾಗ ಇಲ್ಲಾ? ಇರಂಗಿಲ್ಲ. ಜಾಲಿ ಬೆಳದು ಮುಚ್ಚಿಬಿಟ್ಟಿತ್ತು. ಎಲ್ಲಿ ಜಾಲಿ? ಕಡದ್ವಿ. ನೀವು ಬರ್ತೀರಂತ ಕಡದ್ವಿ. ಬುಡಾನಾ? ಬುಡಸಮೇತ ಕಿತ್ತೀವಿ. ಇಲಾಖಿಯೋರಂದ್ರ ಪೊಲೀಸ್ರಂಗ ಕೇಳ್ತೀರಲ್ರಿ ಸಾಹೇಬ್ರ.

ಬೆಚ್ಚಗೈತಾ? ಮೊಣಕೈಮಟ ಕೈ ಹಾಕಿದ್ರ ಬೆಚ್ಚಗ ಇರತೈತಿ ಮತ್ತ. ಬಿಸಲು ನೋಡ್ರಿ ಹೆಂಗ ಬಿದ್ದೈತಿ. ನಮ್ಮ ಕಡಿ ಬಿಸಲು ಭೂಮಿಯೊಳಗ ಆಳಕ್ಕ ಇಳೀತೈತಿ, ನಿಮ್ಮ ಕಡಿದಂಗಲ್ಲ. ಮೈಲಪ್ಪ, ಕೆಮ್ಮಬ್ಯಾಡಲೇ. ನೆಳ್ಳಿಗೆ ಹೋಗಿ ಕುಂದರು.

ಕೆದರ್ರಿ, ಕೆದರ್ರಿ. ಆ ಬ್ರಷ್‌ಲೇ ಕೆದರೋದು ನೋಡಾಕ ಎಷ್ಟು ಚಂದ... ಟೀವಿಯಾಗ ನೋಡಿದಂಗ ಐತಿ. ಹಾಂ, ಬೋಕಿ ಸಿಕ್ಕಿತು, ಗಡಿಗಿ ಚೂರು. ನಾನು ಹೇಳ್ಲಿಲ್ಲೇನು? ಕರೀ ಬೋಕಿ. ಆ ಕಾಲದ ಹೆಣ್ಮಗಳೊಬ್ಬಾಕಿ ಇದರಾಗ ಅಂಬಲಿ ಕಾಸಿರಬೇಕು, ಗಂಡನ ಮ್ಯಾಲ ಸಿಟ್ಟಿಗೆ ಒಗದಿರಬೇಕು. ಹಿಂದಮುಂದ ತಿರುವಿ ನೋಡ್ತೀರಲ್ಲ. ಚಲೋ ಐತಿ ಅಲ್ರಿ? ಚೀಲಕ್ಕ ಹಾಕ್ಕೊಂಡ್ರಿ. ಹಾಕ್ಕೊಂಡ್ರಂದ್ರ ಪಾಸಾತು ಅಂದಂಗ. ಬೋರ್ಡು ರಸ್ತಿಗೆ ಕಾಣಂಗ ನೆಡ್ರಿ ಸಾಹೇಬ್ರ, ಅಲ್ಲಿ, ಆ ಹುಣಸಿಗಿಡದ ಹತ್ರ.

ಅದೇನು ಸಿಕ್ಕಿತು? ತೋರಿಸ್ರಿ. ಕರ್ರಗ, ಬೆರಳುದ್ದ... ಅಯ್ಯ, ಇದರಾಗೇನು ನೋಡ್ತೀರಿ. ಮೆಕ್ಕಿಜ್ವಾಳದ ದಿಂಡು. ಸುಟ್ಟೈತಿ, ಅಷ್ಟ. ನಮ್ಮ ಹೊಲದಾಗ ಬುಟ್ಟಿಗಟ್ಟಲೆ ಬಿದ್ದಿರತಾವ. ಅಂದ್ರ, ಆ ಕಾಲದ ಮಂದೀನೂ ತೆನಿ ಸುಟ್ಟು ತಿಂತಿದ್ರು ಅಂತ ಗೊತ್ತಾತಲ್ಲ. ಸಾಯಂಕಾಲಾತಂದ್ರ ಕುರಿ ರೊಪ್ಪಕ್ಕ ಹೊಡದು, ಬೆಂಕಿ ಸುತ್ತ ಕುಂತು, ಎಳೇ ತೆನಿಗೆ ಉಪ್ಪು ಖಾರ ಹಚ್ಚಿಗ್ಯಂಡು... ಮನಷ್ಯಾ ಎಲ್ಲಾ ಕಾಲಕ್ಕೂ ಒಂದ ಅಲ್ರಿ?

ಯಾಕ ಬ್ರಷ್ ಕೆಳಗಿಟ್ರಿ?

ಇಲ್ಲ, ಅದನ್ನ ಹಂಗ ಅಂಗೈಯಾಗ ಇಟಕಂಡು ನನ್ನ ಮಾರಿ ನೋಡಿದ್ರ ನಾನೇನು ತಿಳಕೋಬೇಕು. ದಿಂಡು ಇದ್ರ ತಪ್ಪೇನು? ಮೆಕ್ಕಿಜ್ವಾಳ ಎಲ್ಲಾ ಕಡಿ ಐತಿ. ಹರಪನಹಳ್ಳಿ ಕಡಿ ಹೋಗ್ರಿ, ಕಣ್ಣು ಹಾಯ್ಸಿದಷ್ಟೂ ಅದ. ಅಮೇರಿಕಾದಾಗೂ ಐತಿ. ಅಲ್ಲಿ ಕಾಡಿನಾಗ ಗುಡಿ ಕಟ್ಟಿದ್ರಲ್ಲ, ಮಾಯಾ ಮಂದಿ, ಅವರಿಗಂತೂ ಮೆಕ್ಕಿಜ್ವಾಳದ ದೇವರ ಇದ್ದ. ಅವರ ಕಾರ್ಯಕ್ರಮ ಎರಡು ಸಲ ನೋಡೀನಿ. ಅದರಾಗ ಹೇಳಿದ್ರು, ಈ ಬೆಳಿ ಹುಟ್ಟಿದ್ದ ಅಲ್ಲಿ, ಆಮ್ಯಾಲ ಹಡಗಿನಾಗ ಬಿಳೇರು ತಂದು ಈಕಡಿ ದೇಶಕ್ಕೆಲ್ಲಾ...

ಹಡಗಿನಾಗ.

ಸಾಹೇಬ್ರ, ಆ ಹಡಗು ಬಂದು ಎಷ್ಟು ವರ್ಷ ಆತು?

ಬ್ಯಾಡ, ಹೇಳಬ್ಯಾಡ್ರಿ. ಹಡಗಿನ ಮಾತು ಬಿಡ್ರಿ, ನಾನು ಸಣ್ಣಾವಿದ್ದಾಗ ಈ ಊರಾಗ ಮೆಕ್ಕಿಜ್ವಾಳ ಇದ್ದಿಲ್ಲ. ಬಿಳಿಜ್ವಾಳ, ನವಣಿ, ಸಜ್ಜಿ, ಇಷ್ಟ. ಅದು ಬಂದಿದ್ದು ನನ್ನ ಮದಿವ್ಯಾದ ಮ್ಯಾಲ. ನಮ್ಮಪ್ಪ ಅದರ ರೊಟ್ಟಿ ತಿಂದು "ಇದು ದನದ ಮೇವಲೇ" ಅಂತ ಉಗುಳಿದ್ದ. ಅದು ನೆನಪೈತಿ ನನಗ. ಎಲ್ಲಾ ನೆನಪೈತಿ. ಬೆಂಕಿಗೆ ದಿಂಡು ಹಾಕೋವಾಗ ಒಂದೂ ನೆನಪಾಗಲಿಲ್ಲ.

ಮೈಲಪ್ಪಾ, ಬಾ ಇಲ್ಲಿ. ಯಾಕ ಹಾಕಿದಿ ಅಂತ ನೀನ ಹೇಳು. ಹಿಕ್ಕಿ ಹಸೀ ಇತ್ತು, ಬೆಂಕಿ ಹತ್ತವಲ್ದು, ಇವ ಟ್ರ್ಯಾಕ್ಟರ್ ತುಂಬ ದಿಂಡು ತಂದು ಸುರುವಿದ. ನಾನ ತಾ ಅಂದಿದ್ದೆ. ಊರಾಗಿನ ರೊಪ್ಪ ಎಲ್ಲಾ ಬಳದು, ಈ ಸಲ ಹೊಲಕ್ಕೂ ಗೊಬ್ಬರ ಇಲ್ಲದಂಗ ಮಾಡಿ ಸುಟ್ಟೀವಿ. ಮಂದಿ ಬೈಕ್ಯಂತನ ತಂದು ಸುರುವಿದ್ರು.

ಎದ್ದ್ರ್ಯಾ? ಒಂದು ನಿಮಿಷ ನಿಂದರ್ರಿ. ನಗ್ರಿ, ಇಲ್ಲಂದ್ರ ಬೈರಿ ಒಂದಿಷ್ಟು.

ನೀವು ಜೀಪು ಇಳದು ಇಲ್ಲಿಗೆ ಬರೋವಾಗ ಕೆಳಗ ನಮ್ಮ ರೊಪ್ಪ ದಾಟಿ ಬಂದ್ರಿ. ಮೂಗಿಗೆ ಕರ್ಚೀಪು ಹಿಡಕಂಡಿದ್ರಿ, ನಾನು ನೋಡಿದೆ. ಅಲ್ಲಿ ನಮ್ಮಜ್ಜನ ಅಜ್ಜನೂ ಕುರಿ ಕೂಡಿ ಹಾಕ್ಯಾನ. ಈ ಹೊತ್ತಿಗೂ ಕುರಿ ಅದಾವ, ಮರಿ ಹಾಕ್ಯಾವ, ಹಿಕ್ಕಿ ಬಿದ್ದೈತಿ. ಅದರ ಫೋಟೋ ನೀವು ತಗೀಲಿಲ್ಲ. ತಗೀರಿ ಅಂದ್ರ "ಇದು ನಮ್ಮ ಇಲಾಖಿಗೆ ಬರಂಗಿಲ್ಲ" ಅಂತೀರಿ. ಕ್ರಷರ್‌ಗೆ ಇದು ಖಾಲಿ ಗುಡ್ಡ. ಅದ ಹಿಕ್ಕಿ, ಅದ ಬೆಂಕಿ, ಅದ ಜಾಗ, ಕುರಿ ಕಾಯೋರು ಮಾತ್ರ ಸತ್ತು ಹೋಗಿರಬೇಕು, ಆಗ ಬೇಲಿ, ಬೋರ್ಡು, ಕಾವಲುಗಾರ. ನಿಮ್ಮ ಕಾಯ್ದಿ ಪುಸ್ತಕದಾಗ ಬರದಿರತೈತಿ, ಹೇಳ್ರಿ. ನಾವು ಸತ್ತು ಎಷ್ಟು ವರ್ಷ ಆಗಬೇಕು?

ಕರ್ಚೀಪಿಗೆ ಕೈ ಒರಸಾಕತ್ತೀರಾ?

ಹೋಗ್ಲಿ ಬಿಡ್ರಿ. ಮೈಲಪ್ಪಾ, ಸಾಹೇಬ್ರ ಕೈಗೆ ನೀರು ಹಾಕು. ತಿಕ್ಕಿ ತೊಳಕೊಳ್ರಿ ಸಾಹೇಬ್ರ. ಹೋದ ವಾರದ ಮಸಿ ಅದು, ಲಗೂನ ಬಿಡಂಗಿಲ್ಲ.