ಮರಳು ಕದಡದ ಅತ್ತೆ

ಕಿವಿ ಡಾಕ್ಟರ ಕಾಯುವ ಕೋಣೆಯಲ್ಲಿ ಕೂತಿದ್ದ ದರ್ಜಿಗೆ ಒಂದು ಕಿವಿ ಮಂದ. ಇನ್ನೊಂದನ್ನು ಅವನು ಪಕ್ಕದ ಬೆಂಚಿನ ಅತ್ತೆ-ಸೊಸೆಯರ ಕಡೆ ತಿರುಗಿಸಿದ. ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯುವ ಸ್ಕೂಬಾಕ್ಕೆ ಬರುವವರಿಗಾಗಿ ಕಡಲ ದಂಡೆಯಲ್ಲಿ ಪುಟ್ಟ ಲಾಡ್ಜು ನಡೆಸುವವರು ಅವರು.

“ಹವಳದ ಹತ್ರ ಬಿಡಲ್ಲ ಅಂದಿದ್ದಕ್ಕೆ ನೀರೊಳಗೆ ಫೋಟೋ ತೆಗೆಯೋಕೆ ಬಂದ ಆ ಕ್ಯಾಮೆರಾದವರು ಎಷ್ಟು ಕೂಗಾಡಿದ್ರು ಅತ್ತೆ.”

“ಮತ್ತೆ? ಕಾಲು ತಗುಲಿದ್ರೆ ಹವಳ ಮುರಿಯತ್ತೆ. ಮೊದಲು ನೀರಿನ ತಳದಲ್ಲಿ ಬರೀ ಮರಳಿನ ಮೇಲೆ ತೇಲಿ ತೋರಿಸ್ಬೇಕು, ಚಿಟಿಕೆ ಮರಳೂ ಏಳಬಾರದು. ಆಯಪ್ಪ ಕೆರೆಗಿಳಿದ ಎಮ್ಮೆ ಥರ ಎಲ್ಲಾ ಕದಡಿಬಿಟ್ಟ.”

“ಅವ್ರು ‘ಇದು ಯಾರ ಕೈಲೂ ಆಗಲ್ಲ’ ಅಂದ್ರಲ್ಲ, ಆಗ ನೀವು ಸೌಟು ಕೆಳಗಿಟ್ಟು ‘ನಂಗೊಂದು ಸಿಲಿಂಡರ್ ಕಟ್ಟೇ’ ಅಂದ್ರಿ. ನಂಗೆ ಜೀವ ಬಾಯಿಗೆ ಬಂದ ಹಾಗಾಯ್ತು.”

“ಕದ್ದುಮುಚ್ಚಿ ಕಲಿಸಿದವಳು ನೀನೇ, ಮತ್ತೇನು ಭಯ?”

“ನೀವು ತೇಲ್ತಿದ್ದಾಗ ನಿಮ್ಮ ಹೊಟ್ಟೆ ಕೆಳಗೇ ಒಂದು ಏಡಿ ಕೂತಿತ್ತು ಅತ್ತೆ. ಅದು ಕದಲಲೇ ಇಲ್ಲ. ನಿಮ್ಮ ಮಗ ದೋಣೀಲಿ ಬಾಯಿ ಬಿಟ್ಕೊಂಡು ನಿಂತಿದ್ರು.”

“ಆಯಪ್ಪ?”

“ತೆಪ್ಪಗೆ ಮರಳಿನ ಮೇಲೆ ಅಭ್ಯಾಸ ಮಾಡ್ತಿದಾರೆ.”

ನರ್ಸ್ ಬಾಗಿಲಿಗೆ ಬಂದು ಸೊಸೆಯನ್ನು ಕೇಳಿದಳು, “ಅಜ್ಜಿಗೆ ಕಿವಿ ಕೇಳಿಸಲ್ವಾ?”

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು.

“ಕೇಳಿಸತ್ತಮ್ಮ. ಇನ್ನೂ ಆಳಕ್ಕೆ ಹೋದ್ರೆ ನೀರಿನ ಒತ್ತಡಾನ ಕಿವಿ ತಡೆಯತ್ತಾ ಅಂತ ತಿಳ್ಕೊಳ್ಳೋಕೆ ಬಂದಿದೀನಿ.”