ನಾಳೆ ಬಾ ಅಂದ ಬಾಗಿಲು

ಇದು ನಮ್ಮ ಸೋದರತ್ತೆ ಮಗಳು ಹೇಮಶ್ರೀಗೆ ಆದದ್ದು. ಎಲ್ಲೋ ಕೇಳಿದ್ದಲ್ಲ... ಆದದ್ದು. ದೀಪ ಹಾಗೇ ಇರಲಿ, ಆರಿಸಬೇಡಿ.

ಹೋದ ವರ್ಷ ಕಾರ್ತೀಕದಲ್ಲಿ ಒಂದು ರಾತ್ರಿ. ಮಂಡ್ಯದಿಂದ ಬಂದ ಕೊನೇ ಬಸ್ಸು ಕೆರಗೋಡಿನ ಆಚೆ ಅವಳೊಬ್ಬಳನ್ನೇ ಇಳಿಸಿ ಹೋಯಿತು. ಅಲ್ಲಿಂದ ಊರಿಗೆ ಕಬ್ಬಿನ ಗದ್ದೆ ನಡುವೆ ಮಣ್ಣಿನ ದಾರಿ. ದಾರಿಯಲ್ಲಿ ಆಲದ ಮರ, ಮರದ ಪಕ್ಕ ಹಾಳುಬಾವಿ. ಬೇರೆ ದಿನವಾಗಿದ್ದರೆ ಪಕ್ಕದ ಮನೆ ಮಹದೇವುಗೆ ಫೋನು ಮಾಡಿ ಬೈಕು ತರಿಸುತ್ತಿದ್ದಳು. ಅವತ್ತು ಮೈಯೆಲ್ಲ ಸಿಟ್ಟು ತುಂಬಿಕೊಂಡು ಹೆದರಿಕೆಗೆ ಜಾಗವೇ ಇರಲಿಲ್ಲ.

ಸಿಟ್ಟು ಯಾಕೆ ಅಂದರೆ... ಅವಳು ಮಂಡ್ಯದ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಕಬ್ಬು ಕಡಿಯುವ ಸರದಿ ಯಾರದ್ದು ಯಾವತ್ತು ಅಂತ ರೈತರು ಮೊಬೈಲಿನಲ್ಲೇ ನೋಡಿಕೊಳ್ಳುವ ಹಾಗೆ ಜಾವಾದಲ್ಲಿ ಒಂದು ವೆಬ್ ಅಪ್ಲಿಕೇಶನ್ನು ಮಾಡಿದ್ದಳು. ಮೊದಲಿನಿಂದ ಕೊನೇವರೆಗೆ ಅವಳೊಬ್ಬಳೇ ಬರೆದದ್ದು. ಬೆಳಗಾಗುವಷ್ಟರಲ್ಲಿ ಅದು ಸರ್ವರಿಗೆ ಏರಬೇಕು. ಏರಿಸುವ ಮೊದಲು ಮೇವನ್ ಅನ್ನೋ ಟೂಲು ಎಲ್ಲಾ ಕೋಡನ್ನೂ ಒಂದು ಗಂಟು ಕಟ್ಟಿಕೊಡಬೇಕು. ಮಧ್ಯಾಹ್ನದಿಂದ ಅದು ಕಟ್ಟಲೊಲ್ಲದು. ನೆಟ್ಟಿನಿಂದ ತರಬೇಕಾದ ಪ್ಲಗಿನ್ ಅನ್ನೋ ತುಂಡು ಸಿಗಲಿಲ್ಲ ಅಂತ ಕೆಂಪಕ್ಷರದಲ್ಲಿ ಬೈದು ನಿಂತುಬಿಡುತ್ತಿತ್ತು. ಮತ್ತೆ ಆಜ್ಞೆ ಕೊಟ್ಟರೆ ಮತ್ತೆ ಅದೇ.

ಓನರ್ ಶಿವರಾಜು ಹಿಂದೆ ಬಂದು ನಿಂತ. "ನೋಡಮ್ಮ, ಬೆಳಿಗ್ಗೆ ಒತ್ಗೆ ಆಗ್ನಿಲ್ಲ ಅಂದ್ರೆ ಇದುನ್ನ ಬೆಂಗ್ಳೂರ್ನೋರ್ಗೆ ಕೊಟ್ಬುಡ್ತೀನಿ. ಇದು ನಿನ್ ಕೈಲಾಗೋ ಕೆಲ್ಸ ಅಲ್ಲ."

"ಅದೆಂಗ್ ಕೊಟ್ಟೀರಿ ನಾನೂ ನೋಡ್ತೀನಿ" ಅಂದವಳೇ ಲ್ಯಾಪ್‌ಟಾಪನ್ನು ಬ್ಯಾಗಿಗೆ ತುರುಕಿ ಬಸ್ಸು ಹತ್ತಿದ್ದಳು.

ಆಲದ ಮರ ಬಂತು. ಒಣಗಿದ ಎಲೆ ಕಾಲಡಿ ಚರ್... ಚರ್... ಅವಳು ನಿಂತಳು. ಎಲೆ ಇನ್ನೊಂದು ಸಲ ಚರ್ ಅಂತು. ಅವಳ ಹಿಂದೆ. ಆಮೇಲೆ ಬಾವಿಯ ರಾಟೆ. ಕಿರ್ರ್... ಕಿರ್ರ್... ಆ ರಾಟೆಗೆ ಹಗ್ಗ ಇಲ್ಲದೆ ಎಷ್ಟೋ ಕಾಲವಾಗಿದೆ. ಗಾಳಿಯೂ ಇರಲಿಲ್ಲ.

"ಹೇಮಾ..."

ಅಜ್ಜಿ ಬೀರಮ್ಮನ ದನಿ. ಆದರೆ ಬೀರಮ್ಮ ಮಂಡಿನೋವಿನ ಮುದುಕಿ, ಹೊತ್ತು ಮುಳುಗಿದ ಮೇಲೆ ಹೊಸಿಲು ದಾಟುವವಳೇ ಅಲ್ಲ. ರಾತ್ರಿ ಒಂದೇ ಸಲ ಕರೆದರೆ ಓಗೊಡಬಾರದು ಅಂತ ನಮ್ಮ ಕಡೆ ಕೂಸಿಗೂ ಗೊತ್ತು. ಬಾಯಿ ಮುಚ್ಚಿಕೊಂಡು ಬಿರಬಿರನೆ ನಡೆದುಬಿಡಬೇಕು. ಇವಳು ಏನು ಮಾಡಿದಳು ಗೊತ್ತಾ? ತಿರುಗಿ ನಿಂತಳು.

"ಯಾರು? ಏನ್ ಬೇಕು? ಬಿರ್ನೆ ಯೋಳು, ನಂಗ್ ಕೆಲ್ಸ ಅದೆ."

ರಾಟೆ ನಿಂತಿತು. ಬಾವಿಯೊಳಗೆ ನೀರು... ತೊಟ್... ತೊಟ್...

"ದಿನಾ ಬತ್ತೀನಿ..." ಪಿಸುಮಾತು. ಕಿವಿ ಹತ್ತಿರವೇ. "ನಿಮ್ ಬಾಗ್ಲು ನಾಳೆ ಬಾ ಅಂತದೆ... ಓಯ್ತೀನಿ... ಬತ್ತೀನಿ... ನಾಳೆ ಬಾ ಅಂತದೆ..."

ಬೀರಮ್ಮ ಬಾಗಿಲ ಹೊರಗಡೆ ಸೀಮೆಸುಣ್ಣದಲ್ಲಿ ದಪ್ಪಗೆ "ನಾಳೆ ಬಾ" ಅಂತ ಬರೆಸಿದ್ದಳು. ರಾತ್ರಿ ಬರುವುದು ಅದನ್ನು ಓದಿಕೊಂಡು ಹಿಂದಕ್ಕೆ ಹೋಗುತ್ತದೆ. ಮಾರನೇ ದಿನ ಬಂದರೂ ಅಲ್ಲಿ ಅದೇ ಮಾತು. ಹಾಗೆ ಮನೆಯವರು ಬಚಾವು.

ಹೇಮಶ್ರೀಗೆ ಮೈ ಜುಮ್ಮೆಂದಿತು. ಹೆದರಿಕೆಗಲ್ಲ ಅಂತಾಳೆ. ಮಧ್ಯಾಹ್ನದಿಂದ ತನಗೂ ಯಾರೋ ಇದನ್ನೇ ಹೇಳುತ್ತಿದ್ದಾರೆ ಅಂತ ಆಗ ಹೊಳೆದದ್ದು. ಆಫೀಸಿನಲ್ಲಿ ಆ ಕೆಂಪಕ್ಷರದ ಕೊನೇ ಸಾಲು ಕಣ್ಣೆದುರೇ ಇತ್ತು, ಸಿಟ್ಟಿನಲ್ಲಿ ಗಮನ ಕೊಟ್ಟಿರಲಿಲ್ಲ. ಮಧ್ಯಾಹ್ನ ಕರೆಂಟು ಹೋಗಿ ನೆಟ್ಟು ಕಡಿದ ಹೊತ್ತಿನಲ್ಲೇ ಮೇವನ್ ಆ ಪ್ಲಗಿನ್ ತರೋಕೆ ಹೋಗಿತ್ತು. ಸಿಗಲಿಲ್ಲ ಅಂತ ಗುರುತು ಹಾಕಿಕೊಂಡಿತ್ತು. ನೆಟ್ಟು ಬಂದ ಮೇಲೂ ಆ ಗುರುತನ್ನೇ ನೋಡಿ, ಒಂದು ದಿನ ಕಳೆಯೋವರೆಗೂ ಮತ್ತೆ ಹುಡುಕಲ್ಲ ಅಂತ ಕೂತಿತ್ತು. ಅಂದರೆ... ನಾಳೆ ಬಾ.

"ನಂಗೂ ಅದ್ನೇ ಅಂದದೆ ಕಣೆ" ಅಂದಳು ಬಾವಿಯ ಕಡೆಗೆ. "ನಾನು ನಾಳೆಗೀಳೆ ಒಪ್ಪಲ್ಲ. ಇವತ್ತೇ ಮುಗುಸ್ತೀನಿ. ಮುಗುದ್ಮೇಲೆ ಬಾಗ್ಲಲ್ಲಿರೋ ಆ ನಾಳೆನ ನಾನೇ ಅಳುಸ್ತೀನಿ. ಈಗ ದಾರಿ ಬುಡು."

ದಾರಿ ಬಿಟ್ಟಿತು. ಹೇಗೆ ಗೊತ್ತಾಯಿತು ಅಂತ ಕೇಳಬೇಡಿ, ಗೊತ್ತಾಯಿತಂತೆ.

ಮನೆಯಲ್ಲಿ ಅಜ್ಜಿ ಬಾಗಿಲು ತೆಗೆದು ಮುಖ ನೋಡಿದಳು. "ದಾರೀಲಿ ಯಾರ್ ತಾವ ಮಾತಾಡ್ದೆ ಮಗ?"

"ಆಮ್ಯಾಕ್ ಯೋಳ್ತೀನಿ. ಅಗುಳಿ ಆಕು."

ಅಗುಳಿ ಖಟ್ ಅಂತು. ಹೇಮಶ್ರೀ ಮೊಬೈಲ್ ನೆಟ್ಟಿಗೆ ಲ್ಯಾಪ್‌ಟಾಪು ಜೋಡಿಸಿದಳು. ಆಜ್ಞೆಯ ಕೊನೆಗೆ ಒಂದು ಅಡ್ಡಗೀಟು, ಪಕ್ಕದಲ್ಲಿ ದೊಡ್ಡಕ್ಷರದ ಯು. ಹಳೇ ಗುರುತು ಬಿಟ್ಟು ಈಗಲೇ ಹೋಗಿ ನೋಡಿಕೊಂಡು ಬಾ ಅಂತ ಅದರ ಅರ್ಥ. ಎಂಟರ್ ಒತ್ತಿದಳು. ಸಾಲುಸಾಲಾಗಿ ಇಳಿಯಿತು... ಪ್ಲಗಿನ್ ಬಂತು. ಕೆಂಪು ಹೋಗಿ ಹಸಿರು. ಗಂಟು ಸರ್ವರಿಗೆ ಏರಿತು. ಮೊಬೈಲಿನಲ್ಲಿ ತೆರೆದರೆ ಕಬ್ಬಿನ ಸರದಿ ಸೊಗಸಾಗಿ ಕೂತಿತ್ತು. ಅವಳಿಗೆ ಎಷ್ಟು ಖುಷಿಯಾಯಿತು ಅಂದರೆ, ಕಣ್ಣಲ್ಲಿ ನೀರು ಬಂತು. ಓನರಿಗೆ ಒಂದೇ ಸಾಲು ಕಳಿಸಿದಳು: "ಆಗಿದೆ. ಯಾರಿಗೂ ಕೊಡಬೇಡಿ."

ಆಮೇಲೆ ಕೊಟ್ಟ ಮಾತು ನೆನಪಾಯಿತು. ಒದ್ದೆ ಬಟ್ಟೆ ಹಿಡಿದು ಅಗುಳಿ ತೆಗೆದಳು.

ಬಾಗಿಲ ಹೊರಗಡೆ "ನಾಳೆ" ಇರಲಿಲ್ಲ. ಯಾರೋ ಆಗಲೇ ಒರೆಸಿದ್ದರು, ಜಾಗ ಇನ್ನೂ ಒದ್ದೆ. "ಬಾ" ಮಾತ್ರ ಉಳಿದಿತ್ತು. ದೂರದಲ್ಲಿ ರಾಟೆ ಒಂದೇ ಸಲ... ಕಿರ್ರ್...

ಬೀರಮ್ಮ ಎದೆ ಹಿಡಿದುಕೊಂಡು ಸೀಮೆಸುಣ್ಣ ತಂದಳು. "ಬಿರ್ನೆ ಬರಿ ಮಗ."

"ಬರೆಯಲ್ಲ ಕಣಜ್ಜಿ. ಬಂದ್ರೆ ಬರ್ಲಿ ಬುಡು. ನಾಳೆ ಬಾ ಅಂತ ಮಾತ್ರ ಯಾರ್ಗೂ ಅನ್ನಲ್ಲ ನಾನು."

ನಡೆದದ್ದು ಕಣ್ರೀ. ಸುಳ್ಳಾಡಿ ನನಗೇನು ಸಿಗಬೇಕು? ಆ ಬಾಗಿಲ ಮೇಲೆ ಇವತ್ತಿಗೂ "ಬಾ" ಒಂದೇ ಇದೆ. ಬೇಕಾದರೆ ಹೋಗಿ ನೋಡಿ. ಪಕ್ಕದಲ್ಲಿ ಖಾಲಿ ಜಾಗ ಇದೆಯಲ್ಲ... ಬೆಳಗಿನ ಜಾವ ಅಲ್ಲಿ ಕೈ ಇಟ್ಟರೆ, ಬೇಸಿಗೆಯಲ್ಲೂ ಒದ್ದೆ ಇರುತ್ತದೆ.